ಹತ್ತು ಸಾವಿರದೊಳಗೆ ಕಂಪ್ಯೂಟರ್ ಸ್ಪೀಕರ್: ಸಬ್‌ವೂಫರ್ ಬೇಕೇ?

ಪ್ರಶ್ನೆ (ರಾಯಚೂರು): ನಮಸ್ಕಾರ ಸರ್. ಮಗಳು ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದಾಳೆ. ಗುರುಗಳು ಕಳಿಸುವ ಪಾಠ, ತಾನಪೂರ, ದಾಸರ ಪದ ಎಲ್ಲವನ್ನೂ ಕಂಪ್ಯೂಟರಿನಲ್ಲೇ ಕೇಳುತ್ತಾಳೆ. ಮಾನಿಟರಿನೊಳಗಿನ ಸ್ಪೀಕರಿನಲ್ಲಿ ತಾನಪೂರದ ನಾದವೇ ಕೇಳಿಸುವುದಿಲ್ಲ. ಕೋಣೆ ಚಿಕ್ಕದು, ಮೇಜು ಗೋಡೆಗೆ ತಾಗಿದೆ. ಹತ್ತು ಸಾವಿರದೊಳಗೆ ಮುಗಿಯಬೇಕು. ಅಂಗಡಿಯವರು ಎರಡು ಪುಟ್ಟ ಪೆಟ್ಟಿಗೆಯ ಜೊತೆಗೆ ಸಬ್‌ವೂಫರ್ (ಕೆಳಗಿನ ಸ್ವರಗಳಿಗೆಂದೇ ಇರುವ ಬೇರೆ ಪೆಟ್ಟಿಗೆ) ಇರುವ 2.1 ಸೆಟ್ ತೋರಿಸಿ, ಡಬ್ಬದ ಮೇಲೆ ಬರೆದ ಸಾವಿರಾರು ವ್ಯಾಟ್ ಓದಿ ಹೇಳಿದರು. ಕೊಳ್ಳಬಹುದೇ?

ಉತ್ತರ (ಧ್ವನಿ ತಂತ್ರಜ್ಞ, ಬಳ್ಳಾರಿ): ಬೇಡ ಅಕ್ಕಾ. ಅದೇ ಹಣಕ್ಕೆ ಎರಡೇ ಪೆಟ್ಟಿಗೆಯ 2.0 ಜೋಡಿ ತೆಗೆದುಕೊಳ್ಳಿ.

ಮಗಳು ಹಾರ್ಮೋನಿಯಂನ ಕಪ್ಪು ನಾಲ್ಕಕ್ಕೆ (ನಾಲ್ಕನೆಯ ಕಪ್ಪು ಮನೆಗೆ) ಷಡ್ಜ, ಅಂದರೆ ‘ಸ’, ಹಿಡಿದು ಹಾಡುತ್ತಾಳೆ ಎಂದುಕೊಳ್ಳೋಣ. ಆ ಷಡ್ಜ ಸುಮಾರು 208 ಹರ್ಟ್ಝ್, ತಾನಪೂರದ ಖರಜ ತಂತಿ (ಎಲ್ಲಕ್ಕಿಂತ ಕೆಳಗಿನ ಸ್ವರದ್ದು) ಅದರ ಅರ್ಧ, ಅಂದರೆ 104. ಅಗ್ಗದ 2.1 ಸೆಟ್ಟಿನ ಪುಟ್ಟ ಪೆಟ್ಟಿಗೆಗಳು ಅಷ್ಟು ಕೆಳಗೆ ಇಳಿಯಲಾರವು. ಹಾಗಾಗಿ ಮಂದ್ರ ಸಪ್ತಕದ (ಕೆಳಗಿನ ಏಳು ಸ್ವರಗಳ) ಬಹುಪಾಲನ್ನು ಮೇಜಿನ ಅಡಿಯ ಸಬ್‌ವೂಫರಿಗೆ ವಹಿಸಿರುತ್ತಾರೆ. ಗಾಯಕಿ ಮಂದ್ರಕ್ಕೆ ಇಳಿದಾಗ ದನಿ ಕಾಲಿನ ಬಳಿಯಿಂದ ಬರುತ್ತದೆ, ತಾರಕ್ಕೆ ಏರಿದಾಗ ಎದುರಿನಿಂದ. ಕಲಿಯುವ ಕಿವಿಗೆ ಇದು ಸಲ್ಲದು. ನಾಲ್ಕು ಇಂಚಿನ ಕೋನ್ ಇರುವ ಒಳ್ಳೆಯ ಪೆಟ್ಟಿಗೆ 104 ಹರ್ಟ್ಝ್ ಅನ್ನು ತಾನೇ ನಿಭಾಯಿಸುತ್ತದೆ.

ಡಬ್ಬದ ಮೇಲಿನ ಸಾವಿರಾರು ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ) ಲೆಕ್ಕದ್ದು, ಅದನ್ನು ನೋಡಲೇಬೇಡಿ. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಷ್ಟು ಎಂದು ಕೇಳಿ. ಮೂರಡಿ ದೂರದಲ್ಲಿ ಕೂತು ಕೇಳುವವರಿಗೆ ಪೆಟ್ಟಿಗೆಗೆ 20 ವ್ಯಾಟ್ ಧಾರಾಳವಾಯಿತು. ಉದಾಹರಣೆಗೆ ಎಡಿಫೈಯರ್ ಆರ್1280ಟಿ: ನಾಲ್ಕು ಇಂಚಿನ ಕೋನ್, ಎರಡೂ ಸೇರಿ 42 ವ್ಯಾಟ್ ಆರ್‌ಎಂಎಸ್. ಅದರ ಗಾಳಿಯ ರಂಧ್ರ ಮುಂದುಗಡೆ ಇರುವುದರಿಂದ ಗೋಡೆಯ ಪಕ್ಕದ ಮೇಜಿಗೂ ಹೊಂದುತ್ತದೆ. ದರ ಏರಿಳಿಯುತ್ತಿರುತ್ತದೆ, ವಿಚಾರಿಸಿ ನೋಡಿ.

ಅಂಗಡಿಗೆ ಮಗಳನ್ನೂ ಕರೆದೊಯ್ಯಿರಿ. ಗುರುಗಳ ಪಾಠವನ್ನೇ ಮೊಬೈಲಿನಿಂದ ತಂತಿಯ ಮೂಲಕ ಹಾಕಿಸಿ, ಸಿನಿಮಾ ಹಾಡು ಬೇಡ. ಮೊದಲು ತಾನಪೂರ ಒಂದನ್ನೇ ಕೇಳಿ. ತಂತಿ ಕುದುರೆಗೆ ತಾಗಿ ಹೊಮ್ಮುವ ಜವಾರಿಯ ಝೇಂಕಾರ ಎಳೆಎಳೆಯಾಗಿ ಬಿಚ್ಚಿಕೊಳ್ಳಬೇಕು. ಆಮೇಲೆ ತಬಲಾ: ಬಾಯಾಂ (ಎಡಗೈಯಲ್ಲಿ ನುಡಿಸುವ ದೊಡ್ಡದು) ಮೇಲೆ ಅಂಗೈ ಒತ್ತಿ ಜಾರಿಸಿದಾಗ ನಾದ ಮೇಲಕ್ಕೆ ಹತ್ತುವುದು ಸ್ಪಷ್ಟವಾಗಿ ಗೊತ್ತಾಗಬೇಕು. ಎಲ್ಲ ಪೆಟ್ಟೂ ಒಂದೇ ‘ಧುಂ’ ಎಂದು ಕೇಳಿದರೆ ಆ ಸೆಟ್ ಬಿಟ್ಟುಬಿಡಿ. ಕೊನೆಗೆ ಕಣ್ಣು ಮುಚ್ಚಿ ಕೇಳಿದರೆ ಹಾಡುವವರು ಎರಡು ಪೆಟ್ಟಿಗೆಗಳ ನಡುವೆ ಕೂತಂತಿರಬೇಕು.

ಮನೆಯಲ್ಲಿ ಎರಡು ಪೆಟ್ಟಿಗೆಗಳ ನಡುವಿನ ಅಂತರವೂ ಕಿವಿಗೆ ಇರುವ ಅಂತರವೂ ಸಮನಾಗಿರಲಿ. ಮೇಜನ್ನು ಗೋಡೆಯಿಂದ ಅರ್ಧ ಅಡಿ ಈಚೆಗೆ ಎಳೆಯಿರಿ. ಟ್ವೀಟರ್ (ಮೇಲಿನ ಸ್ವರಗಳ ಪುಟ್ಟ ಸ್ಪೀಕರ್) ಕಿವಿಯ ಮಟ್ಟಕ್ಕೆ ಬರುವಂತೆ ಅಡಿಗೆ ಮರದ ತುಂಡು ಕೊಡಿ. ಇದಕ್ಕೆ ಖರ್ಚಿಲ್ಲ, ಆದರೆ ಎರಡು ಸಾವಿರ ಹೆಚ್ಚು ಕೊಟ್ಟು ಕೊಂಡ ಸ್ಪೀಕರಿಗಿಂತ ಇದರಿಂದ ಆಗುವ ಲಾಭ ದೊಡ್ಡದು ಎಂಬುದು ನನ್ನ ಅನುಭವ. ಬ್ಲೂಟೂತಿನಲ್ಲಿ ದನಿ ತುಸು ತಡವಾಗಿ ಬರುತ್ತದೆ, ಪಾಠಕ್ಕೆ ತಂತಿಯೇ ಸರಿ.

ಪ್ರಶ್ನೆ (ಗಂಗಾವತಿ): ಅಣ್ಣಾ, ನನ್ನ ಬಳಿ 2.0 ಜೋಡಿಯೇ ಇದೆ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿದೊಡನೆ ‘ಗುಂಯ್’ ಎನ್ನುತ್ತದೆ. ಚಾರ್ಜರಿನ ದಪ್ಪ ಪಿನ್ ಮುರಿದರೆ ಹೋಗುತ್ತದೆ ಎಂದು ಒಬ್ಬರು ಹೇಳಿದರು.

ಉತ್ತರ: ಆ ಕೆಲಸ ಮಾತ್ರ ಮಾಡಬೇಡ ತಮ್ಮಾ. ಆ ಪಿನ್ನೇ ಅರ್ಥಿಂಗ್. ಒಳಗೆ ಏನಾದರೂ ಕೆಟ್ಟರೆ ಶಾಕ್‌ನಿಂದ ಕಾಯುವುದೇ ಅದು. ಲ್ಯಾಪ್‌ಟಾಪ್, ಸ್ಪೀಕರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡು. ಮನೆಯ ಅರ್ಥಿಂಗ್ ಗುಂಡಿಗೆ ಈಚೆಗೆ ನೀರು ಹಾಕಿದ್ದೀರಾ? ನಮ್ಮ ಕಡೆಯ ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ದುರ್ಬಲವಾಗುತ್ತದೆ, ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷೆ ಮಾಡಿಸು. ಆದರೂ ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ (ಅರ್ಥಿಂಗ್‌ನಿಂದ ಬರುವ ಗುಂಯ್‌ಗುಡುವಿಕೆ ತಡೆಯುವ ಪುಟ್ಟ ಸಾಧನ) ತಂದು ಲ್ಯಾಪ್‌ಟಾಪಿನಿಂದ ಸ್ಪೀಕರಿಗೆ ಹೋಗುವ ದನಿಯ ತಂತಿಯ ನಡುವೆ ಹಾಕು. ಅದು ಬರುವವರೆಗೆ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ಕೇಳು.