ಗೀತನಾಟಕ ತಂಡ ಸೇರಲಾ? ಹಾಡಿದವರು ಅನುಭವ ಹೇಳಿ

ವಿಜಯನಗರದಾಕೆ:
ಹನ್ನೆರಡು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೇನೆ, ಸೀನಿಯರ್ ಪರೀಕ್ಷೆ ಆಗಿದೆ. ಒಂದು ಸಣ್ಣ ತಂಡದವರು ಗೀತನಾಟಕಕ್ಕೆ ಕರೆದಿದ್ದಾರೆ. ಮಾತೇ ಇಲ್ಲ, ಒಂದೂವರೆ ಗಂಟೆ ಪೂರ್ತಿ ಹಾಡು. ನಾಯಕಿ ಪಾತ್ರ ನನಗಂತೆ. ಆದರೆ ಪ್ರತಿಯೊಬ್ಬರೂ 15,000 ಹಾಕಬೇಕು, ಟಿಕೆಟ್ ದುಡ್ಡು ಬಂದಮೇಲೆ ವಾಪಸ್ ಅಂತಾರೆ. ವಾರಕ್ಕೆ ನಾಲ್ಕು ಸಂಜೆ ರಿಹರ್ಸಲ್. ಕೆಲಸ ಇದೆ, ಆರು ವರ್ಷದ ಮಗ ಇದ್ದಾನೆ. ಸೇರಲಾ?

ಐದೂವರೆ ಮನೆ:
ದುಡ್ಡಿನ ಮಾತು ಆಮೇಲೆ. ನಿಮ್ಮ ನಾಯಕನ ಶ್ರುತಿ (ಹಾಡುವ ಮೂಲ ಸ್ವರ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ) ಎಷ್ಟು, ಮೊದಲು ಕೇಳಿ. ನಂದು ಐದೂವರೆ, ನಮ್ಮ ಹೀರೋದು ಒಂದು. ಯುಗಳ ಗೀತೆ ಏಳು ಇದ್ದವು. ನಡುವೆ ಇರಲಿ ಅಂತ ಮೂರಕ್ಕೆ ಇಟ್ಟರು. ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ, ಒತ್ತಿ ಒತ್ತಿ ಹಾಡಿದೆ. ಮೂರನೇ ತಿಂಗಳಿಗೆ ಬೆಳಿಗ್ಗೆ ಎದ್ದರೆ ದನಿಯ ಬದಲು ಬರೀ ಗಾಳಿ. ಇಎನ್‌ಟಿಯವರು ಕ್ಯಾಮೆರಾ ಹಾಕಿ ನೋಡಿದರು (2,200), ಧ್ವನಿತಂತುಗಳ ಮೇಲೆ ಎರಡೂ ಕಡೆ ಗಂಟು. ಆಪರೇಷನ್ ಬೇಡ, ಥೆರಪಿ ಅಂದರು. ಹತ್ತು ಸಲ ಹೋದೆ, ಸಲಕ್ಕೆ 900. ಆರು ವಾರ ಹಾಡು ಬಂದ್. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಗಂಟಲಿಗೆ ಏಟು ಅಂದರು. ಹಾಲಿನವನಿಗೆ ಸ್ಲೇಟಿನಲ್ಲಿ 'ನಾಳೆ ಎರಡು ಪ್ಯಾಕೆಟ್' ಅಂತ ಬರೆದು ತೋರಿಸುತ್ತಿದ್ದೆ. ಎರಡು ಮದುವೆ ಕಚೇರಿ ಹೋದವು. ನಾಟಕದವರು ಒಮ್ಮೆ ಫೋನ್ ಮಾಡಿದರು, ಸೀರೆ ವಾಪಸ್ ಯಾವಾಗ ಕೊಡ್ತೀರಿ ಅಂತ.

ಟೆಂಪೋ ಬಾಡಿಗೆ ನಂದೇ:
ತಂಡದವರನ್ನು ಬೈಯುವುದು ಸುಲಭ. ನಾನು ತಂಡ ಕಟ್ಟಿದವನು. ಹಾಡೋದೂ ನಾನೇ, ಕುರ್ಚಿ ಹೊರೋದೂ ನಾನೇ. ಒಂದು ಶೋ ಲೆಕ್ಕ ಕೇಳಿ. ಹಾಲ್ 14,000, ಲೈಟು 12,000, ಕಾಲರ್ ಮೈಕ್ ಎಂಟು, ಒಂದಕ್ಕೆ 1,200. ತಬಲಾ, ಕೊಳಲು, ಪಿಟೀಲು ಸೇರಿ 15,000. ಮೇಕಪ್ಪು, ಬಟ್ಟೆ 7,500. ಟೆಂಪೋ 2,200. ಚಿತ್ರಾನ್ನ, ಟೀ 1,100. ಒಟ್ಟು 61,400. ಟಿಕೆಟ್ ಒಂದಕ್ಕೆ ಇಟ್ಟಿದ್ದು 200 ರೂಪಾಯಿ, ಮಾರಿಹೋದದ್ದು 118. ಮಿಕ್ಕವರೆಲ್ಲ 'ಒಂದು ಪಾಸ್ ಇಟ್ಟಿರಪ್ಪಾ' ಗಿರಾಕಿಗಳು. 37,800 ಕೈಬಿಟ್ಟಿತು, ಸ್ಕೂಟರ್ ಮಾರಿದೆ. ಆದರೂ ಮುಂದಿನ ವರ್ಷ ಮತ್ತೆ ಮಾಡಿದೆ. ಪಶ್ಚಾತ್ತಾಪ ಇಲ್ಲ. ಎಂಟು ಜನ ಒಟ್ಟಿಗೆ ಉಸಿರು ತಗೊಂಡು ಪಲ್ಲವಿ ಎತ್ತಿದಾಗ ಆಗುವುದು ಕಚೇರಿಯಲ್ಲಿ ಒಬ್ಬರೇ ಕೂತು ಹಾಡುವವರಿಗೆ ಗೊತ್ತಾಗಲ್ಲ.

ಲೆಗ್ ಹಾರ್ಮೋನಿಯಂ:
ಮೈಕಿಗೆ 9,600! ಅಲ್ಲೇ ತಪ್ಪಿದ್ದು. ಗುಬ್ಬಿ ನಾಟಕ ಕಂಪನಿ ಶುರುವಾಗಿದ್ದು 1884ರಲ್ಲಿ, ಆಗ ಯಾವ ಮೈಕ್ ಇತ್ತು ಸ್ವಾಮಿ? ಕಪ್ಪು ನಾಲ್ಕಕ್ಕೆ, ಅಂದರೆ ಪೆಟ್ಟಿಗೆಯ ನಾಲ್ಕನೇ ಕಪ್ಪು ಮನೆಗೆ, ಶ್ರುತಿ ಹಿಡಿದು ಕೊನೇ ಬೆಂಚಿನವನಿಗೆ ಮುಟ್ಟಿಸುತ್ತಿದ್ದರು. ನಮ್ಮ ತಂದೆಯವರು ಹಾಗೇ ಹಾಡಿದವರು. ಈಗಿನವರಿಗೆ ಗಂಟಲಲ್ಲಿ ಗಂಟು, ಕೆನ್ನೆಗೆ ಮೈಕು.

ಐದೂವರೆ ಮನೆ:
ಮೇಷ್ಟ್ರೇ, ಗಂಟಲು ನಂದು. ತಮಾಷೆ ಬೇಡ. ಕಂಪನಿ ಕಾಲದಲ್ಲಿ ಎಷ್ಟು ಜನರ ದನಿ ನಲವತ್ತಕ್ಕೇ ಒಡೆಯಿತು ಅಂತ ಯಾರು ಬರೆದಿಟ್ಟರು?

ಟೆಂಪೋ ಬಾಡಿಗೆ ನಂದೇ:
ರಂಗಶಂಕರದಂಥ ಚಿಕ್ಕ ಹಾಲಿನಲ್ಲಾದರೆ ಮೈಕ್ ಇಲ್ಲದೆ ಹಾಡಬಹುದು, ಒಪ್ಪಿದೆ. ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಹಾಲಿನಲ್ಲಿ ಹಾಡಿ ನೋಡಿ. ತಬಲಾ ಮೀರಿ ನಿಮ್ಮ ಸಾಹಿತ್ಯ ಬಾಲ್ಕನಿಗೆ ಮುಟ್ಟಿದರೆ ನನ್ನ ಉಳಿದ ಸೈಕಲ್ಲೂ ನಿಮಗೇ.

ಮೇಳದಲ್ಲಿ ಎಡದಿಂದ ಮೂರನೆಯವಳು:
ಎಲ್ಲರೂ ನಾಯಕ ನಾಯಕಿಯರೇ. ನಾನು ನಾಲ್ಕು ವರ್ಷ ಮೇಳದಲ್ಲಿ, ಒಟ್ಟಿಗೆ ಹಾಡುವ ಗುಂಪಿನಲ್ಲಿ, ನಿಂತವಳು. ಹೀರೋ ಬರದ ದಿನ ಅವನ ಸಾಲು, ಹೀರೋಯಿನ್ ಬರದ ದಿನ ಅವಳ ಸಾಲು, ಎಲ್ಲಾ ನಾನೇ ಹಾಡಿ ರಿಹರ್ಸಲ್ ನಡೆಸಿದೆ. ಶೋ ದಿನ ಮತ್ತೆ ಎಡದಿಂದ ಮೂರನೆಯವಳು. ರಾತ್ರಿ ಹತ್ತೂವರೆಗೆ ಬನಶಂಕರಿಯಿಂದ ಯಲಹಂಕಕ್ಕೆ ಆಟೋದವನು 650 ಕೇಳಿದ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. 15,000 ಕೊಟ್ಟು ಮೇಳದಲ್ಲಿ ನಿಂತೆ ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಲೆಗ್ ಹಾರ್ಮೋನಿಯಂ:
ಸಾಹಿತ್ಯ ಅಂದಿರಲ್ಲ, ಈಗ ಸಾಹಿತ್ಯ ಎಲ್ಲಿದೆ? ಕಾರಂತರು ಎಂಥಾ ಗೀತನಾಟಕ ಬರೆದರು!

ಟೆಂಪೋ ಬಾಡಿಗೆ ನಂದೇ:
ಯಾವ ಕಾರಂತರು? ಬರೆದದ್ದು ಶಿವರಾಮ ಕಾರಂತರು. ಕವಿ ಪುತಿನ ಅವರ 'ಗೋಕುಲ ನಿರ್ಗಮನ'ವನ್ನು ರಂಗಕ್ಕೆ ತಂದದ್ದು ನಿರ್ದೇಶಕ ಬಿ.ವಿ. ಕಾರಂತರು. ಇಬ್ಬರನ್ನೂ ಕಲಸಬೇಡಿ.

ಲೆಗ್ ಹಾರ್ಮೋನಿಯಂ:
ನನಗೆ ಹೇಳಿಕೊಡಬೇಡಿ. ನಿಮ್ಮ ತಂಡಕ್ಕೆ ನುಡಿಸಿದ್ದಕ್ಕೆ 3,000 ಬಾಕಿ ಇದೆ, ನೆನಪಿದೆಯಾ? ಪಿಟೀಲಿಗೆ ಕೊಟ್ಟಿರಿ, ತಬಲಾಕ್ಕೆ ಕೊಟ್ಟಿರಿ.

ಟೆಂಪೋ ಬಾಡಿಗೆ ನಂದೇ:
ಓ, ನೀವೇನಾ! ಎರಡನೇ ಅಂಕದಲ್ಲಿ ನಿಮ್ಮ ಹಾರ್ಮೋನಿಯಂ ಪೆಟ್ಟಿಗೆಯ ಪಂಚಮ, 'ಪ' ಸ್ವರ, ಕೂಗಲೇ ಇಲ್ಲ. ಹಾಡಿದ್ದು ನಾನು, ಬೆವರಿದ್ದು ನಾನು.

ವಿಜಯನಗರದಾಕೆ:
ಎಲ್ಲರಿಗೂ ಥ್ಯಾಂಕ್ಸ್. ಅವರಿಗೆ ಫೋನ್ ಮಾಡಿ ಕೇಳಿದೆ. ನಾಯಕನ ಶ್ರುತಿ ಒಂದೂವರೆ ಅಂತೆ. 15,000 ವಾಪಸ್ ಬರುತ್ತಾ ಅಂತ ಯಾರೂ ಹೇಳಲಿಲ್ಲ ನೋಡಿ.

ಮೇಳದಲ್ಲಿ ಎಡದಿಂದ ಮೂರನೆಯವಳು:
ನಾನು ಕೊಟ್ಟ 15,000ದಲ್ಲಿ ನಾಲ್ಕು ವರ್ಷಕ್ಕೆ 6,000 ವಾಪಸ್ ಬಂತು. ಮೇಳಕ್ಕೆ ಜನ ಬೇಕಾ ಅಂತ ಕೇಳಿ ನೋಡ್ತೀರಾ?

ಲೆಗ್ ಹಾರ್ಮೋನಿಯಂ:
ಪಂಚಮದ ರೀಡ್ ಈಗ ಹಾಕಿಸಿದ್ದೇನೆ, 450 ಆಯಿತು. ಯಾರಾದರೂ ಬಂದು ಕೇಳಬಹುದು.