ಮಧುನಾಶಿನಿ ಪುಡಿ ತಿಂದರೆ ಮಾತ್ರೆ ಬಿಡಬಹುದೇ?

ಹೊಳಲ್ಕೆರೆ ರಸ್ತೆ:
ನಮ್ಮ ತಂದೆಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಚಿತ್ರದುರ್ಗದ ಸಂತೆಯಲ್ಲಿ ಯಾರೋ ಮಧುನಾಶಿನಿ ಎಲೆಯ ಪುಡಿ ಕೊಟ್ಟರಂತೆ. ಮೂರು ವಾರಗಳಿಂದ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮುಟ್ಟಿಲ್ಲ. ಕೇಳಿದರೆ ಮೊಬೈಲ್‌ಗೆ ಬಂದ ಸಂದೇಶವನ್ನು ಮುಂದೆ ಹಿಡಿಯುತ್ತಾರೆ: 1990ರಲ್ಲಿ ಮದರಾಸಿನ ವಿಜ್ಞಾನಿಗಳು ಈ ಎಲೆಯನ್ನು ಕೊಟ್ಟು ರೋಗಿಗಳ ಮಾತ್ರೆ ಬಿಡಿಸಿದ್ದಾರೆ ಎಂದು ಅದರಲ್ಲಿದೆ. ಇದು ನಿಜವೇ? ಜಗಳವಾಡಿ ಸಾಕಾಗಿದೆ.

ಕೋಟೆ ಬಾಗಿಲು:
ನಿಜ. ಮೇಷಶೃಂಗಿ ಎಂಬ ಹೆಸರಿನಲ್ಲಿ ನಮ್ಮ ವೈದ್ಯರು ಶತಮಾನಗಳಿಂದ ಬಳಸಿದ ಬಳ್ಳಿ ಅದು. ಇದೇ ಕಾಯಿಲೆಗೆ ಹೊನ್ನೆ ಮರದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವವರನ್ನು ನೀವೂ ಕಂಡಿರುತ್ತೀರಿ. ಆ ಹೊನ್ನೆಯ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಪ್ರಯೋಗ ಮಾಡಿಸಿದೆ. 1998ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ 97 ರೋಗಿಗಳಲ್ಲಿ 67 ಮಂದಿಗೆ ಹನ್ನೆರಡು ವಾರಗಳೊಳಗೆ ಸಕ್ಕರೆ ಹಿಡಿತಕ್ಕೆ ಬಂತು. ಇದನ್ನೆಲ್ಲ ಅಜ್ಜಿ ಕಥೆ ಎಂದು ತಳ್ಳಿಹಾಕುವವರು ಮೊದಲು ಓದಿಕೊಳ್ಳಲಿ.

ಔಷಧಶಾಸ್ತ್ರ ವಿದ್ಯಾರ್ಥಿನಿ, ದಾವಣಗೆರೆ:
ಓದಿಕೊಂಡೇ ಬಂದಿದ್ದೇನೆ. ಮದರಾಸಿನ ಅಧ್ಯಯನ ಇರುವುದು ನಿಜ, ಸಂದೇಶ ಹೇಳುವುದು ಅರ್ಧ ನಿಜ. 22 ಜನ ಎರಡನೇ ಬಗೆಯ ಮಧುಮೇಹಿಗಳಿಗೆ ದಿನಕ್ಕೆ 400 ಮಿಲಿಗ್ರಾಂ ಎಲೆಯ ಸಾರವನ್ನು 18ರಿಂದ 20 ತಿಂಗಳು ಕೊಟ್ಟರು. ಅವರು ಎಂದಿನ ಮಾತ್ರೆಗಳನ್ನೂ ನುಂಗುತ್ತಿದ್ದರು. ಕೊನೆಗೆ ಮಾತ್ರೆಯಿಲ್ಲದೆ ನಿಭಾಯಿಸಿದವರು ಐದು ಮಂದಿ. ಉಳಿದ ಹದಿನೇಳು ಜನರ ಬಗ್ಗೆ ಸಂದೇಶ ಬಾಯಿ ಬಿಡುವುದಿಲ್ಲ. ಚೀಟಿ ಎತ್ತಿ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗವೂ ಅದಲ್ಲ. ಹೊನ್ನೆಯದೂ ಅಷ್ಟೇ. ಅಲ್ಲಿದ್ದವರು ಆಗಷ್ಟೇ ಕಾಯಿಲೆ ಪತ್ತೆಯಾದ ಅಥವಾ ಚಿಕಿತ್ಸೆ ಪಡೆಯದ, ಸೌಮ್ಯ ಹಂತದ ರೋಗಿಗಳು. ಹನ್ನೆರಡು ವರ್ಷಗಳ ಹಳೆಯ ಕಾಯಿಲೆಗೆ ಆ ಲೆಕ್ಕವನ್ನು ತಂದು ಹೊಂದಿಸಲು ಆಗುವುದಿಲ್ಲ.

ಇನ್ನು ‘ಸಾಬೀತಾಗಿದೆ’ ಎಂಬ ಸಂದೇಶಗಳ ಹಿಂದೆ ಹೆಚ್ಚಾಗಿ ಇರುವುದು ಇಲಿ. ಅಲಾಕ್ಸಾನ್ ಅಥವಾ ಸ್ಟ್ರೆಪ್ಟೊಜೊಟೊಸಿನ್ ಎಂಬ ರಾಸಾಯನಿಕ ಚುಚ್ಚಿ ಇಲಿಯ ಮೇದೋಜೀರಕದಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಕೊಲ್ಲುತ್ತಾರೆ. ಆಮೇಲೆ ಕೆಲವು ವಾರ ಸಾರ ಕುಡಿಸಿ ಸಕ್ಕರೆ ಅಳೆಯುತ್ತಾರೆ. ನಮ್ಮ ಬಯಲುಸೀಮೆಯ ತಂಗಡಿ ಹೂವಿಗೂ ಇಂತಹ ಪ್ರಯೋಗಗಳಾಗಿವೆ, ಇಲಿಗಳಲ್ಲಿ ಸಕ್ಕರೆ ಇಳಿದಿದೆ. ಆದರೆ ಹೊಟ್ಟೆ ಬಂದು, ವಯಸ್ಸಾಗಿ, ಇನ್ಸುಲಿನ್ ಇದ್ದರೂ ಅದಕ್ಕೆ ದೇಹ ಓಗೊಡದಂತಾದ ಮನುಷ್ಯ ಆ ಇಲಿಯಲ್ಲ. ಇಲಿಯ ಲೆಕ್ಕ ಮನುಷ್ಯನಲ್ಲಿ ತಪ್ಪಿಹೋದದ್ದೂ ಉಂಟು. ನೇರಳೆ ಎಲೆಯ ಚಹಾವನ್ನು ಬ್ರೆಜಿಲ್‌ನಲ್ಲಿ ರೋಗಿಗಳಿಗೆ ಕೊಟ್ಟು ನೋಡಿದಾಗ ಸಕ್ಕರೆ ಕದಲಲೇ ಇಲ್ಲ.

ಕೋಟೆ ಬಾಗಿಲು:
ನೀವು ಹೊಗಳುವ ಮೆಟ್‌ಫಾರ್ಮಿನ್ ಬಂದದ್ದೂ ಗಿಡದಿಂದಲೇ ಅಲ್ಲವೇ?

ಔಷಧಶಾಸ್ತ್ರ ವಿದ್ಯಾರ್ಥಿನಿ, ದಾವಣಗೆರೆ:
ಅಲ್ಲಿಂದಲೇ, ಆ ಕಥೆ ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ! ಯುರೋಪಿನ ಗ್ಯಾಲೆಗಾ ಎಂಬ ಗಿಡದಲ್ಲಿ ಗ್ಯಾಲೆಜಿನ್ ಇತ್ತು. ಅದು ಸಕ್ಕರೆಯನ್ನು ಇಳಿಸುತ್ತಿತ್ತು, ಜೊತೆಗೆ ವಿಷವೂ ಆಗಿತ್ತು. ಅದರ ಜಾತಿಯದೇ ಆದ, ಕಡಿಮೆ ಅಪಾಯದ ಮೆಟ್‌ಫಾರ್ಮಿನ್ 1922ರಲ್ಲೇ ತಯಾರಾದರೂ ಫ್ರಾನ್ಸಿನ ಜೀನ್ ಸ್ಟರ್ನ್ ಅದನ್ನು ಮಧುಮೇಹಿಗಳ ಮೇಲೆ ಪರೀಕ್ಷಿಸಿ ಬರೆದದ್ದು 1957ರಲ್ಲಿ. ಗಿಡದಿಂದ ಮಾತ್ರೆಯವರೆಗಿನ ಆ ದಾರಿಯನ್ನು ಮಧುನಾಶಿನಿ ಇನ್ನೂ ನಡೆದಿಲ್ಲ ಎಂಬುದಷ್ಟೇ ನನ್ನ ತಕರಾರು. ಎಲೆಯ ಮೇಲೆ ನನಗೇನೂ ಸಿಟ್ಟಿಲ್ಲ.

ಮಂಡಕ್ಕಿ ಪ್ರಿಯ:
ಪಂಡಿತರ ನಡುವೆ ರೋಗಿಯ ಒಂದು ಮಾತು. ನಾನು ಮಧುನಾಶಿನಿಯ ಹಸಿ ಎಲೆಯನ್ನು ಅಗಿದು ಬೆಲ್ಲ ಬಾಯಿಗೆ ಹಾಕಿಕೊಂಡಿದ್ದೇನೆ. ಬೆಲ್ಲ ಮರಳಿನಂತಿತ್ತು! ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಯ ಸಿಹಿ ಗುರುತಿಸುವ ಶಕ್ತಿಯನ್ನು ಸ್ವಲ್ಪ ಹೊತ್ತು ಮರೆಸುತ್ತದೆಯಂತೆ. ರುಚಿಯಿಲ್ಲದ ಮೇಲೆ ಯಾರು ತಿನ್ನುತ್ತಾರೆ? ನನ್ನ ಸಕ್ಕರೆ ಆ ವಾರ ಇಳಿಯಿತು. ಎಲೆ ರಕ್ತದಲ್ಲಿ ಕೆಲಸ ಮಾಡಿತೋ, ಸಿಹಿ ಬಿಟ್ಟದ್ದಕ್ಕೆ ಇಳಿಯಿತೋ, ದೇವರಿಗೇ ಗೊತ್ತು. ಪುಡಿಯನ್ನು ಕ್ಯಾಪ್ಸೂಲಿನಲ್ಲಿ ತುಂಬಿ ನುಂಗಿದರೆ ಈ ಲಾಭವೂ ಇಲ್ಲ.

ಮೆಂತ್ಯದ ಬಗ್ಗೆಯೂ ಹೇಳಿಬಿಡುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಕೊಟ್ಟದ್ದು ದಿನಕ್ಕೆ 100 ಗ್ರಾಂ ಜಿಡ್ಡು ತೆಗೆದ ಮೆಂತ್ಯ ಹಿಟ್ಟು. ಹತ್ತು ದಿನಗಳಲ್ಲಿ ಮೂತ್ರದ ಸಕ್ಕರೆ ಶೇ 54ರಷ್ಟು ಇಳಿಯಿತು. ನಾನು ರಾತ್ರಿ ನೆನೆಸಿಡುವುದು ಒಂದು ಚಮಚ. ಮಧ್ಯಾಹ್ನ ಎರಡು ಬೆಣ್ಣೆ ದೋಸೆ ತಿಂದು, ಆ ಒಂದು ಚಮಚವನ್ನು ನಂಬಿ ಕೂರುತ್ತೇನೆ.

ಜೋಗಿಮಟ್ಟಿ ಚಾರಣಿಗ:
ಸಂತೆಯ ಪುಡಿ ಮಧುನಾಶಿನಿಯದೇ ಎಂದು ಗೊತ್ತಾದದ್ದು ಹೇಗೆ? ಜೋಗಿಮಟ್ಟಿ ಕಾಡಿನಲ್ಲಿ ಬಳ್ಳಿಯನ್ನು ಹೂವು, ಕಾಯಿ ನೋಡಿ ಗುರುತಿಸುತ್ತೇವೆ. ಒಣಗಿಸಿ ಪುಡಿ ಮಾಡಿದ ಮೇಲೆ ಎಲ್ಲ ಎಲೆಯೂ ಹಸಿರು ಹಿಟ್ಟು. ಗಿಡಮೂಲಿಕೆ ಎಂದು ಮಾರುವ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್‌ನಂತಹ, ಸಕ್ಕರೆ ಇಳಿಸುವ ಮಾತ್ರೆಯ ಔಷಧವನ್ನು ಗುಟ್ಟಾಗಿ ಬೆರೆಸಿದ ಪ್ರಕರಣಗಳೂ ಬೇರೆ ಬೇರೆ ದೇಶಗಳಲ್ಲಿ ಸಿಕ್ಕಿವೆ. ಪುಡಿ ತೀರಾ ಚೆನ್ನಾಗಿ ಕೆಲಸ ಮಾಡಿದರೆ ನಾನು ಇನ್ನಷ್ಟು ಹೆದರುತ್ತೇನೆ.

ಕೋಟೆ ಬಾಗಿಲು:
ಕಲಬೆರಕೆಯ ಮಾತನ್ನು ಒಪ್ಪಿದೆ. ಆದರೆ ದೊಡ್ಡ ಪ್ರಯೋಗ ಆಗಿಲ್ಲ ಎಂದರೆ ಗಿಡದ ತಪ್ಪೇ? ಬೇಲಿಯ ಮೇಲೆ ಹಬ್ಬುವ ಬಳ್ಳಿಗೆ ಪೇಟೆಂಟ್ ಸಿಗದು, ಹಾಗಾಗಿ ಹಣ ಹಾಕುವ ಕಂಪನಿಯೂ ಸಿಗದು.

ಔಷಧಶಾಸ್ತ್ರ ವಿದ್ಯಾರ್ಥಿನಿ, ದಾವಣಗೆರೆ:
ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ, ನೀವು ಹೇಳುವುದು ಸರಿ. ಆದರೆ ಆ ಪ್ರಯೋಗವನ್ನು ಇವರ ತಂದೆ ಒಬ್ಬರೇ ಮನೆಯಲ್ಲಿ ಮಾಡಬಾರದು. ಹೊಳಲ್ಕೆರೆ ರಸ್ತೆಯವರೇ, ಅವರು ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆಯೇ? ಅದರ ಮೇಲೆ ಪುಡಿಯೂ ಸೇರಿದರೆ ಸಕ್ಕರೆ ತೀರಾ ಕುಸಿದು ತಲೆ ಸುತ್ತಿ ಬೀಳಬಹುದು.

ಹೊಳಲ್ಕೆರೆ ರಸ್ತೆ:
ಇಲ್ಲ, ಮೆಟ್‌ಫಾರ್ಮಿನ್ ಒಂದೇ. ಇಂದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಯಂತ್ರ ಹಚ್ಚಿದೆವು: 214. ತಂದೆ ಯಂತ್ರ ಕೆಟ್ಟಿದೆ ಎಂದರು. ನನ್ನ ಬೆರಳಿಗೂ ಚುಚ್ಚಿಸಿಕೊಂಡು ನೋಡಿದೆ, 92. ಆಮೇಲೆ ಅವರು ಮಾತಾಡಲಿಲ್ಲ. ಸೋಮವಾರ ವೈದ್ಯರ ಬಳಿ ಬರಲು ಒಪ್ಪಿದ್ದಾರೆ, ಪುಡಿಯ ಪೊಟ್ಟಣವನ್ನೂ ಜೊತೆಗೆ ತರುತ್ತಾರಂತೆ. ವೈದ್ಯರು ಅದನ್ನು ಮೂಸಿ ನೋಡದೆ ಬೈದರೆ ಎದ್ದು ಬರುತ್ತೇನೆ ಎಂಬುದು ಅವರ ಷರತ್ತು.