ಸಹಾಯ ಬೇಕು: ಪಿಯು ಮಕ್ಕಳು ಸಿಗರೇಟು ಯಾಕೆ ಹಿಡಿಯುತ್ತಾರೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸೈಕಾಲಜಿ ಎಂ.ಎಸ್ಸಿ ಓದುತ್ತಿದ್ದೇನೆ. ಮೇಲಿನ ಪ್ರಶ್ನೆಯೇ ನನ್ನ ಪ್ರಾಜೆಕ್ಟ್.

ರಾಜಾಜಿನಗರದ ಕಡೆ ಟೀ ಅಂಗಡಿಗಳ ಪಕ್ಕ ನೀವೂ ನೋಡಿರುತ್ತೀರಿ. ಹೆಗಲಲ್ಲಿ ಕಾಲೇಜು ಬ್ಯಾಗ್, ಒಂದೇ ಸಿಗರೇಟು ಮೂರು ಕೈ ದಾಟುತ್ತದೆ, ಆಮೇಲೆ ಬಾಯಿಗೊಂದು ಮಿಂಟ್. 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆ ಪ್ರಕಾರ ನಮ್ಮ ದೇಶದ 13ರಿಂದ 15 ವರ್ಷದ ಶಾಲಾ ಮಕ್ಕಳಲ್ಲಿ ಶೇ 8.5ರಷ್ಟು ಮಂದಿ ಯಾವುದಾದರೊಂದು ತಂಬಾಕು ಬಳಸುತ್ತಿದ್ದರು. ಯಾಕೆ ಅನ್ನೋದೂ ಗೊತ್ತಾಗಬೇಕು ಅಲ್ವಾ?

ಅದಕ್ಕೇ ಪಿಯು ಮಕ್ಕಳಿಗೆ ಒಂದು ಪ್ರಶ್ನೆಪತ್ರ ಮಾಡಿದ್ದೇನೆ. ಅದರಲ್ಲಿ, ಅವರಿಗೆ ತಮ್ಮ ಬಗ್ಗೆ ಏನನಿಸುತ್ತದೆ ಅನ್ನೋದನ್ನು ಅಳೆಯಲು ರೋಸೆನ್‌ಬರ್ಗ್ ಮಾಪಕದ 10 ಹೇಳಿಕೆಗಳಿವೆ. ಗೆಳೆಯರ ಒತ್ತಾಯ, ಮನೆಯಲ್ಲಿ ಸೇದುವವರು, ಪರೀಕ್ಷೆ ಟೆನ್ಷನ್ ಬಗ್ಗೆ ಬೇರೆ ಪ್ರಶ್ನೆಗಳಿವೆ. ಇನ್ನೂ ಸೇದದವರಿಗೂ ಒಂದಿದೆ: ‘ಹತ್ತಿರದ ಗೆಳೆಯ ಕೊಟ್ಟರೆ ಸೇದುತ್ತೀಯಾ?’ ‘ಖಂಡಿತ ಇಲ್ಲ’ ಅನ್ನುವವರು ಬೇರೆ, ‘ಬಹುಶಃ ಇಲ್ಲ’ ಅನ್ನುವವರು ಬೇರೆ. ನನಗೆ ಈ ಎರಡನೆಯವರದ್ದೇ ಚಿಂತೆ ಜಾಸ್ತಿ. ಅವರನ್ನು ಈಗಲೇ ತಡೆಯಬಹುದು.

ಇಲ್ಲಿ ಪಿಯು ಲೆಕ್ಚರರ್‌ಗಳಿದ್ದರೆ ದಯವಿಟ್ಟು ನಿಮ್ಮ ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳಿ. ಅಪ್ಪ ಅಮ್ಮನ ಒಪ್ಪಿಗೆ ಪಡೆದೇ ಪ್ರಶ್ನೆಪತ್ರ ಕೊಡುತ್ತೇನೆ. ಹೆಸರು, ರೋಲ್ ನಂಬರ್ ಕೇಳಲ್ಲ. ಆದರೆ ಮೇಷ್ಟ್ರು ಎದುರಿಗೆ ನಿಂತರೆ ಯಾರೂ ನಿಜ ಬರೆಯಲ್ಲ, ಆ ಅರ್ಧ ಗಂಟೆ ಅವರು ಹೊರಗಿರಬೇಕು.

18 ದಾಟಿ ಡಿಗ್ರಿ ಓದುತ್ತಿರುವವರಿಂದಲೂ ಸಹಾಯ ಬೇಕು. ಪ್ರಶ್ನೆಗಳನ್ನು ಒಮ್ಮೆ ಓದಿ, ಪಿಯುನಲ್ಲಿದ್ದಾಗ ಯಾವುದಕ್ಕೆ ಸುಳ್ಳು ಬರೆಯುತ್ತಿದ್ದಿರಿ ಅಂತ ಹೇಳಿ. ಕಾಮೆಂಟ್‌ನಲ್ಲಿ ಮುಜುಗರ ಅನಿಸಿದರೆ ಮೆಸೇಜ್ ಮಾಡಿ.